ಆ ಹೊನ್ನು ಯಾರದು?

ಮೂವತ್ತು ವರ್ಷಗಳಿಗೂ ಮೀರಿ ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದು ಈಗ ವಿಶ್ರಾಂತಿಯನ್ನು ಪಡೆದಿರುವ ನನಗೆ, ಹೇಳಿಕೊಟ್ಟ ಪಾಠಗಳಿಗಿಂತಲೂ ಹೇಳಿಕೊಡದೆ ಉಳಿಸಿದ ಪಾಠಗಳೇ ಹೆಚ್ಚಾಗಿ ನೆನಪಿಗೆ ಬರುತ್ತವೆ. ಅವುಗಳಲ್ಲಿ ಒಂದನ್ನು ಇಂದು ವಾಚಕಮಹಾಶಯರ ಮುಂದೆ ಇಡಬೇಕೆಂದು ಅಪೇಕ್ಷಿಸುತ್ತೇನೆ.

ನನ್ನ ವಿಷಯವು ಸಂಸ್ಕೃತವಾದರೂ, ಚರಿತ್ರೆಯ ಉಪಾಧ್ಯಾಯರು ರಜೆಯ ಮೇಲಿದ್ದಾಗ ಆ ತರಗತಿಯೂ ನನ್ನ ಪಾಲಿಗೆ ಬರುತ್ತಿತ್ತು. ಹಾಗೆ ಒಂದು ದಿನ ಅಮೆರಿಕದ ಚರಿತ್ರೆಯ ಪಾಠವನ್ನು ಓದಿಸುತ್ತಿದ್ದೆನು. “1848ನೆಯ ಇಸವಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನವು ದೊರೆಯಿತು, ಜನರು ತಂಡತಂಡವಾಗಿ ಪಶ್ಚಿಮಕ್ಕೆ ಹೊರಟರು” ಎಂಬಷ್ಟು ಹೇಳಿ ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ, ಹಿಂದಿನ ಬೆಂಚಿನ ಬಾಲಕನೊಬ್ಬನು ಎದ್ದುನಿಂತು, “ಸಾರ್, ಆ ಚಿನ್ನ ಯಾರದು?” ಎಂದು ಕೇಳಿದನು. “ಸಿಕ್ಕಿದವನದು, ಕೂತುಕೋ” ಎಂದೆನು. ತರಗತಿಯೆಲ್ಲ ನಕ್ಕಿತು, ಹುಡುಗನು ಮುಖ ತಗ್ಗಿಸಿ ಕುಳಿತನು. ಆಗ ನಾನು ಆಡಿದ ಮಾತು ವಿನೋದವೆಂದು ತೋರಿತು. ಆದರೆ ಆ ಚರಿತ್ರೆಯನ್ನು ಸಾವಧಾನವಾಗಿ ಓದಿದ ಮೇಲೆ, ಅದಕ್ಕಿಂತ ಮಿಗಿಲಾದ ಪ್ರಶ್ನೆಯನ್ನು ಆ ಪಾಠದ ವಿಷಯವಾಗಿ ಯಾರೂ ಕೇಳಲಾರರೆಂದು ತಿಳಿದುಬಂದಿತು. ನನ್ನ ಉತ್ತರವನ್ನು ತಿದ್ದಿಕೊಳ್ಳುವುದೇ ಈ ಲೇಖನದ ಉದ್ದೇಶ.

ಅಮೆರಿಕಾ ಖಂಡದ ಪಶ್ಚಿಮ ಸಮುದ್ರತೀರದಲ್ಲಿ, ಸಿಯೆರಾ ನೆವಾಡಾ ಎಂಬ ಹಿಮಪರ್ವತಶ್ರೇಣಿಗೂ ಶಾಂತಸಾಗರಕ್ಕೂ ನಡುವೆ ಕ್ಯಾಲಿಫೋರ್ನಿಯ ದೇಶವಿದೆ. ಅದು ಆಗ ಮೆಕ್ಸಿಕೋ ರಾಜ್ಯಕ್ಕೆ ಸೇರಿತ್ತು. ಅಲ್ಲಿಗೆ 1839ನೆಯ ಇಸವಿಯಲ್ಲಿ ಜೋಹಾನ್ ಆಗಸ್ಟ್ ಸಟರ್ ಎಂಬುವನು ಬಂದು ನೆಲಸಿದನು. ಅವನು ಸಾಲಗಾರರಿಗೆ ಹೆದರಿ, ಹೆಂಡತಿಮಕ್ಕಳನ್ನು ಸ್ವಿಟ್ಜರ್ಲೆಂಡಿನಲ್ಲಿಯೇ ಬಿಟ್ಟು, 1834ರಲ್ಲಿ ಊರಿನಿಂದ ಓಡಿಬಂದವನು. ಮಾತುಗಾರಿಕೆಯಲ್ಲಿ ನಿಪುಣನಾದ ಅವನು ಮೆಕ್ಸಿಕೋದ ಅಧಿಕಾರಿಗಳ ವಿಶ್ವಾಸವನ್ನು ಸಂಪಾದಿಸಿ, 1841ರಲ್ಲಿ ಸುಮಾರು 48,000 ಎಕರೆ ಭೂಮಿಯನ್ನು ದಾನವಾಗಿ ಪಡೆದನು. ಸ್ಯಾಕ್ರಮೆಂಟೋ ಮತ್ತು ಅಮೆರಿಕನ್ ಎಂಬ ನದಿಗಳ ಸಂಗಮದ ಸಮೀಪದಲ್ಲಿ ಕೋಟೆಯನ್ನು ಕಟ್ಟಿಸಿ, ಗೋಧಿಯನ್ನು ಬೆಳೆಸಿ, ದನಕರುಗಳನ್ನು ಸಾಕಿ, ಪಾಳೆಯಗಾರನಂತೆ ಮೆರೆಯತೊಡಗಿದನು. ಹೊಲದಲ್ಲಿ ದುಡಿದವರು ಆ ನೆಲದ ಮೂಲನಿವಾಸಿಗಳು. ಅವರಲ್ಲಿ ಎಷ್ಟೋ ಜನರು ಬಲಾತ್ಕಾರಕ್ಕೆ ಒಳಪಟ್ಟು ದುಡಿದವರು. ದನಗಳಿಗೆ ಇಡುವಂತೆ ಮರದ ದೋಣಿಗಳಲ್ಲಿ ಅವರಿಗೆ ಗಂಜಿಯನ್ನು ಸುರಿಯುತ್ತಿದ್ದುದನ್ನು ಕಂಡವರು ಬರೆದಿಟ್ಟಿದ್ದಾರೆ.

ಸಟರನಿಗೆ ಮನೆ ಕಟ್ಟಲು ಹಲಗೆಗಳು ಬೇಕಾಗಿದ್ದವು. ಆದುದರಿಂದ ಅಮೆರಿಕನ್ ನದಿಯ ದಕ್ಷಿಣ ಶಾಖೆಯ ದಡದಲ್ಲಿ, ಕೊಲೋಮಾ ಎಂಬ ಕಣಿವೆಯಲ್ಲಿ, ನೀರಿನ ಬಲದಿಂದ ಮರ ಕೊಯ್ಯುವ ಕಾರ್ಖಾನೆಯನ್ನು ಕಟ್ಟಲು ಜೇಮ್ಸ್ ಮಾರ್ಷಲ್ ಎಂಬ ಬಡಗಿಯನ್ನು ನೇಮಿಸಿದನು. 1848ನೆಯ ಇಸವಿ ಜನವರಿ 24ನೆಯ ತಾರೀಖು ಬೆಳಗ್ಗೆ, ಚಕ್ರದ ನೀರು ಹೊರಬೀಳುವ ಕಾಲುವೆಯನ್ನು ನೋಡಲು ಹೋದ ಮಾರ್ಷಲನಿಗೆ ಕಲ್ಲುಗಳ ನಡುವೆ ಹಳದಿಯಾಗಿ ಹೊಳೆಯುವ ಸಣ್ಣ ತುಣುಕುಗಳು ಕಾಣಿಸಿದವು.

ಚಿನ್ನವನ್ನು ಒರೆಗೆ ತಿಕ್ಕಿ, ಕತ್ತರಿಸಿ, ಕಾಸಿ, ಬಡಿದು, ಹೀಗೆ ನಾಲ್ಕು ಬಗೆಯಾಗಿ ಪರೀಕ್ಷಿಸಬೇಕೆಂದು ನಮ್ಮ ಪ್ರಾಚೀನರು ಹೇಳುತ್ತಾರಷ್ಟೆ. ಕೊಲೋಮಾದಲ್ಲಿಯೂ ಹೆಚ್ಚುಕಡಮೆ ಹಾಗೆಯೇ ನಡೆಯಿತು. ಮಾರ್ಷಲನು ಮೊದಲು ತುಣುಕನ್ನು ಕಲ್ಲಿನ ಮೇಲೆ ಬಡಿದು ನೋಡಿದನು. ಅದು ಒಡೆಯದೆ ತಗಡಾಯಿತು. ಕೆಲಸಗಾರರಿಗೆ ಅಡಿಗೆ ಮಾಡುತ್ತಿದ್ದ ಜೆನ್ನಿ ವಿಮ್ಮರ್ ಎಂಬ ಗೃಹಿಣಿಯು, ತಾನು ಸಾಬೂನು ಕಾಯಿಸುತ್ತಿದ್ದ ಕೊಪ್ಪರಿಗೆಯ ಕ್ಷಾರಜಲದಲ್ಲಿ ಒಂದು ತುಣುಕನ್ನು ಹಾಕಿ ಕುದಿಸಿದಳು. ಅದರ ಬಣ್ಣವು ಕಂದಲಿಲ್ಲ. ನಾಲ್ಕು ದಿನಗಳ ಬಳಿಕ ಮಾರ್ಷಲನು ಕುದುರೆಯೇರಿ ಕೋಟೆಗೆ ಹೋಗಿ ಸಟರನಿಗೆ ಅವನ್ನು ತೋರಿಸಲು, ಇಬ್ಬರೂ ಬಾಗಿಲು ಹಾಕಿಕೊಂಡು, ನೈಟ್ರಿಕ್ ಆಮ್ಲದಿಂದಲೂ ತಕ್ಕಡಿಯಿಂದಲೂ ಪರೀಕ್ಷಿಸಿ, ಚಿನ್ನವೇ ಸರಿಯೆಂದು ನಿಶ್ಚಯಿಸಿದರು. ಜಗತ್ತಿನ ದೊಡ್ಡ ಸುವರ್ಣವೃತ್ತಾಂತವೊಂದರ ಮೊದಲ ಪರೀಕ್ಷೆಗಳಲ್ಲಿ ಒಂದು ಅಡಿಗೆಯವಳ ಒಲೆಯ ಮೇಲೆ ನಡೆಯಿತೆಂಬುದನ್ನು ನಮ್ಮ ಗೃಹಿಣಿಯರು ಗಮನಿಸತಕ್ಕದ್ದು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಆ ದಿನ ಆ ಹೊನ್ನು ಯಾರದು? ಕಾಗದಪತ್ರದ ಮಾತನ್ನು ಹಿಡಿದರೆ, ಆ ನೆಲವು ಮೆಕ್ಸಿಕೋದ್ದು. ಮೆಕ್ಸಿಕೋಗೂ ಸಂಯುಕ್ತ ಸಂಸ್ಥಾನಗಳಿಗೂ ನಡೆದ ಯುದ್ಧದಲ್ಲಿ ಸಂಸ್ಥಾನಗಳ ಸೈನ್ಯವು ಕ್ಯಾಲಿಫೋರ್ನಿಯವನ್ನು ಆಗಲೇ ಹಿಡಿದುಕೊಂಡಿದ್ದರೂ, ಸಂಧಿಪತ್ರಕ್ಕೆ ಸಹಿ ಬಿದ್ದುದು ಚಿನ್ನ ಕಂಡ ಒಂಬತ್ತು ದಿನಗಳ ತರುವಾಯ, ಫೆಬ್ರವರಿ 2ನೆಯ ತಾರೀಖು. ಒಂದು ಕೋಟಿ ಐವತ್ತು ಲಕ್ಷ ಡಾಲರುಗಳಿಗೆ ಅಪಾರವಾದ ಭೂಭಾಗವು ಕೈ ಬದಲಾಯಿಸಿತು. ಕೊಟ್ಟವರಿಗೂ ಕೊಂಡವರಿಗೂ ಕೊಲೋಮಾದ ಸುದ್ದಿಯು ತಿಳಿದಿರಲಿಲ್ಲ.

ಸಟರನು ಕೊಲೋಮಾವು ತನ್ನ ದಾನಭೂಮಿಯ ಹೊರಗಿದೆಯೆಂಬುದನ್ನು ಅರಿತು, ಆ ಕಣಿವೆಯ ಮೂಲನಿವಾಸಿಗಳಾದ ನಿಸೆನಾನ್ ಜನರ ಮುಖಂಡರಿಂದ ಅದನ್ನು ಗುತ್ತಿಗೆಗೆ ಬರೆಸಿಕೊಂಡು, ಪತ್ರವನ್ನು ಸೇನಾಧಿಕಾರಿಯೂ ರಾಜ್ಯಪಾಲನೂ ಆಗಿದ್ದ ರಿಚರ್ಡ್ ಮೇಸನ್ ಎಂಬುವನ ಒಪ್ಪಿಗೆಗಾಗಿ ಕಳುಹಿಸಿದನು. ಭೂಮಿಯನ್ನು ಗುತ್ತಿಗೆ ಕೊಡುವ ಹಕ್ಕು ಮೂಲನಿವಾಸಿಗಳಿಗಿದೆಯೆಂದು ಸರ್ಕಾರವು ಮನ್ನಿಸುವುದಿಲ್ಲವೆಂದು ಮೇಸನ್ ಉತ್ತರವಿತ್ತನು. ವಾಚಕರೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಟರನು ಸ್ವಾರ್ಥಿಯಾದರೂ ಆ ನೆಲಕ್ಕೆ ಒಡೆಯರಿದ್ದಾರೆಂದು ಒಪ್ಪಿ ಅವರ ಬಳಿಗೆ ಹೋದನು. ಕಾನೂನು ಅವರನ್ನು ಕಂಡೂ ಕಾಣದಂತೆ ಮುಂದೆ ನಡೆಯಿತು. ಮುಂದಿನ ಅನರ್ಥಗಳಿಗೆಲ್ಲ ಇದೇ ಬೀಜ.

ಗುಟ್ಟು ಬಹುಕಾಲ ನಿಲ್ಲಲಿಲ್ಲ. ಸಟರನ ಕೋಟೆಯ ಬಳಿ ಅಂಗಡಿಯನ್ನಿಟ್ಟಿದ್ದ ಸ್ಯಾಮ್ ಬ್ರಾನನ್ ಎಂಬ ವರ್ತಕನು, ಮೊದಲು ಸಲಿಕೆ ಗುದ್ದಲಿ ಬಾಣಲೆಗಳನ್ನು ತನ್ನ ಅಂಗಡಿಯಲ್ಲಿ ತುಂಬಿಸಿಕೊಂಡು, ಬಳಿಕ 1848ರ ಮೇ ತಿಂಗಳಲ್ಲಿ ಚಿನ್ನದ ಪುಡಿಯ ಸೀಸೆಯನ್ನು ಎತ್ತಿಹಿಡಿದು ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದ ಬೀದಿಗಳಲ್ಲಿ ಕೂಗುತ್ತ ನಡೆದನು. ಅಂಗಡಿಗಳು ಮುಚ್ಚಿದವು, ಹಡಗಿನ ನಾವಿಕರು ಹಡಗನ್ನು ಬಿಟ್ಟರು, ಓದುವವರೂ ಅಚ್ಚು ಜೋಡಿಸುವವರೂ ಇಲ್ಲದೆ ಪಟ್ಟಣದ ವೃತ್ತಪತ್ರಿಕೆಯೂ ನಿಂತುಹೋಯಿತು. ಅದೇ ವರ್ಷದ ಡಿಸೆಂಬರು 5ನೆಯ ತಾರೀಖು ಅಧ್ಯಕ್ಷ ಪೋಕ್ ಮಹಾಶಯನು ಶಾಸನಸಭೆಗೆ ಕಳುಹಿಸಿದ ಸಂದೇಶದಲ್ಲಿ ಸುದ್ದಿಯು ನಿಜವೆಂದು ಸಾರಿದನು. ಮೇಸನ್ ಕಳುಹಿಸಿದ್ದ ಚಿನ್ನವು ರಾಜಧಾನಿಯಲ್ಲಿ ಪ್ರದರ್ಶಿತವಾಯಿತು. ಅಲ್ಲಿಗೆ ದೇಶಕ್ಕೆ ದೇಶವೇ ಜ್ವರ ಹಿಡಿದಂತಾಯಿತು.

1849ನೆಯ ಇಸವಿಯಲ್ಲಿ ಹೊರಟವರು ಸುಮಾರು 90,000 ಮಂದಿ. 1855ರ ವೇಳೆಗೆ ಬಂದು ಸೇರಿದವರ ಸಂಖ್ಯೆ ಸುಮಾರು 3,00,000. ಪೂರ್ವತೀರದವರಿಗೆ ಮೂರು ದಾರಿಗಳಿದ್ದವು. ಮೊದಲನೆಯದು ದಕ್ಷಿಣ ಅಮೆರಿಕದ ತುದಿಯಲ್ಲಿರುವ ಹಾರ್ನ್ ಭೂಶಿರವನ್ನು ಸುತ್ತಿಬರುವ ಸಮುದ್ರಯಾನ; ಅದಕ್ಕೆ ಐದರಿಂದ ಎಂಟು ತಿಂಗಳು. ಎರಡನೆಯದು ಪನಾಮಾ ಭೂಸಂಧಿಯವರೆಗೆ ಹಡಗಿನಲ್ಲಿ ಬಂದು, ದೋಣಿಯಲ್ಲಿಯೂ ಹೇಸರಗತ್ತೆಯ ಮೇಲೆಯೂ ಕಾಡನ್ನು ದಾಟಿ, ಆಚೆಯ ದಡದಲ್ಲಿ ಮತ್ತೊಂದು ಹಡಗಿಗಾಗಿ ಕಾಯುವುದು. ಅಲ್ಲಿ ಮಲೇರಿಯಾ ಮತ್ತು ಕಾಲರಾ ಕಾಯುತ್ತಿದ್ದವು. ಮೂರನೆಯದು ಮಿಸೌರಿ ನದಿಯಿಂದ ಸುಮಾರು 2,000 ಮೈಲಿಗಳ ನೆಲದ ದಾರಿ.

ಆ ನೆಲದ ದಾರಿಯನ್ನು ಹಿಡಿದ ಸಂಸಾರಗಳ ಸ್ಥಿತಿಯನ್ನು ನೆನೆದರೆ ಮನಸ್ಸು ಕರಗುತ್ತದೆ. ನಮ್ಮ ಕಮಾನುಬಂಡಿಗಳಂತೆ ಬಟ್ಟೆಯ ಮುಚ್ಚಿಗೆ ಹೊದಿಸಿದ ಬಂಡಿಗಳಲ್ಲಿ ಹಿಟ್ಟು, ಉಪ್ಪು ಹಚ್ಚಿದ ಮಾಂಸ, ಕಾಫಿಬೀಜಗಳನ್ನು ತುಂಬಿ, ಎತ್ತುಗಳನ್ನು ಹೂಡಿ, ವಸಂತದ ಹುಲ್ಲು ಚಿಗುರಿದೊಡನೆ ಹೊರಡಬೇಕು. ಸಿಯೆರಾ ಪರ್ವತದ ಮೇಲೆ ಹಿಮ ಬೀಳುವುದರೊಳಗೆ ಅದನ್ನು ದಾಟಬೇಕು. ತಡಮಾಡಿದವರ ಗತಿಯೇನೆಂಬುದು ಎಲ್ಲರಿಗೂ ತಿಳಿದಿತ್ತು. 1846ರ ಚಳಿಗಾಲದಲ್ಲಿ ಡಾನರ್ ಎಂಬುವರ ತಂಡವು ಹಿಮದಲ್ಲಿ ಸಿಕ್ಕಿ, ಎಂಬತ್ತಕ್ಕೂ ಹೆಚ್ಚು ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರು ಅಳಿದಿದ್ದರು. ದಾರಿಯ ಕೊನೆಯಲ್ಲಿ ನಲವತ್ತು ಮೈಲಿಯ ನಿರ್ಜಲ ಮರುಭೂಮಿ. ಅಲ್ಲಿ ಎತ್ತುಗಳು ಕುಸಿದು ಬೀಳುತ್ತಿರಲು, ಭಾರವನ್ನು ಇಳಿಸುವುದಕ್ಕಾಗಿ ಜನರು ಪೆಟ್ಟಿಗೆ, ಒಲೆ, ಕಪಾಟುಗಳನ್ನೂ ಅಜ್ಜಿಯ ಕಾಲದ ಪಾತ್ರೆಗಳನ್ನೂ ಮರಳಿನ ಮೇಲೆ ಎಸೆದು ನಡೆದರು. ಚಿನ್ನವನ್ನು ತರಲು ಹೊರಟವರು ಮನೆಯಿಂದ ತಂದುದನ್ನೆಲ್ಲ ದಾರಿಯಲ್ಲಿ ಚೆಲ್ಲಿ ಹೋದರು.

ಹೊಳೆಯ ಚಿನ್ನವನ್ನು ತೆಗೆಯುವ ಕ್ರಮವು ನಮ್ಮ ಗೃಹಿಣಿಯರಿಗೆ ಅಪರಿಚಿತವಲ್ಲ. ಅನ್ನಕ್ಕಿಡುವ ಮೊದಲು ಅಕ್ಕಿಯನ್ನು ನೀರಿನಲ್ಲಿ ಜಾಲಿಸಿದರೆ ಅಕ್ಕಿಯು ತೇಲಿಹೋಗಿ ಕಲ್ಲು ತಳದಲ್ಲಿ ನಿಲ್ಲುತ್ತದೆಯಲ್ಲವೆ? ಚಿನ್ನವು ನೀರಿಗಿಂತ ಹತ್ತೊಂಬತ್ತು ಪಟ್ಟಿಗೂ ಮಿಗಿಲಾದ ಭಾರವುಳ್ಳದ್ದು. ಆದುದರಿಂದ ಹೊಳೆಯ ಮರಳನ್ನು ಬಾಣಲೆಯಲ್ಲಿ ಹಾಕಿ ನೀರಿನಲ್ಲಿ ಸುತ್ತಿಸಿದರೆ, ಮಣ್ಣೂ ಮರಳೂ ಅಂಚಿನಿಂದ ಹೊರಗೆ ಹೋಗಿ ಚಿನ್ನದ ಕಣಗಳು ಕೆಳಗೆ ಉಳಿಯುತ್ತವೆ. ಅಕ್ಕಸಾಲೆಯ ಅಂಗಡಿಯ ಧೂಳನ್ನು ತೊಳೆದು ಕಣವನ್ನು ಆಯುತ್ತಿದ್ದ ನಮ್ಮ ಜಲಗಾರರ ವಿದ್ಯೆಯೂ ಇದೇ. ಬಾಣಲೆಯಿಂದ ತೊಟ್ಟಿಲಿನಾಕಾರದ ಪೆಟ್ಟಿಗೆಗೂ, ಅಲ್ಲಿಂದ ಉದ್ದವಾದ ಮರದ ದೋಣಿಗಳಿಗೂ ಜನರು ಬೇಗನೆ ಬಂದರು. ದಿನವೆಲ್ಲ ಸೊಂಟ ಬಗ್ಗಿಸಿ ಹಿಮದ ನೀರಿನಲ್ಲಿ ನಿಲ್ಲುವ ಕೆಲಸವದು.

ಲಾಭವೆಷ್ಟು? 1848ರಲ್ಲಿ ಗಟ್ಟಿಯಾಗಿ ದುಡಿದವನಿಗೆ ದಿನಕ್ಕೆ ಸುಮಾರು 20 ಡಾಲರು ಸಿಕ್ಕುತ್ತಿತ್ತು. ಪೂರ್ವದಲ್ಲಿ ಕೂಲಿಯು ದಿನಕ್ಕೆ ಒಂದು ಡಾಲರಿನ ಆಸುಪಾಸಿನಲ್ಲಿದ್ದ ಕಾಲವದು. 1852ರ ವೇಳೆಗೆ ಅದು ಸುಮಾರು 6 ಡಾಲರಿಗೂ, 1856ರ ವೇಳೆಗೆ ಸುಮಾರು 3 ಡಾಲರಿಗೂ ಇಳಿಯಿತು. ವಿಚಿತ್ರವೇನೆಂದರೆ, ನಾಡಿನ ಒಟ್ಟು ಉತ್ಪತ್ತಿಯು ತುತ್ತತುದಿಗೇರಿದ್ದೂ ಅದೇ 1852ರಲ್ಲಿ. ಆ ವರ್ಷ ತೆಗೆದ ಚಿನ್ನದ ಬೆಲೆ ಸುಮಾರು 8 ಕೋಟಿ 10 ಲಕ್ಷ ಡಾಲರು. ಚಿನ್ನವು ಹೆಚ್ಚಿದಷ್ಟೂ ಪಾಲುಗಾರರು ಅದಕ್ಕಿಂತ ಹೆಚ್ಚಿದರು. ಬಂದ ಹಣವೂ ಕೈಯಲ್ಲಿ ನಿಲ್ಲಲಿಲ್ಲ. ಒಂದು ಕೋಳಿಮೊಟ್ಟೆಗೆ ಒಂದು ಡಾಲರು ತೆರಬೇಕಾಗಿದ್ದ ಊರಿನಲ್ಲಿ ಅದು ಹೇಗೆ ನಿಂತೀತು? 1848ರ ಆರಂಭದಲ್ಲಿ ಸಾವಿರದಷ್ಟು ಜನರಿದ್ದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1850ರಲ್ಲಿ ಸುಮಾರು 25,000 ಜನರಿದ್ದರು. ಬಟ್ಟೆಯ ಡೇರೆಗಳೂ ಹಲಗೆಯ ಗುಡಿಸಿಲುಗಳೂ ತುಂಬಿದ ಆ ಪಟ್ಟಣವು ಒಂದೂವರೆ ವರ್ಷದೊಳಗೆ ಆರು ಬಾರಿ ಮಹಾಗ್ನಿಗೆ ತುತ್ತಾಯಿತು.

ಆ ನಾಡಿನಲ್ಲಿ ಸ್ತ್ರೀಯರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಲೂಸೀನಾ ವಿಲ್ಸನ್ ಎಂಬ ಗೃಹಿಣಿಯು 1849ರಲ್ಲಿ ಗಂಡನನ್ನೂ ಎರಡು ಗಂಡುಕೂಸುಗಳನ್ನೂ ಕೂಡಿಕೊಂಡು ನೆಲದ ದಾರಿಯಲ್ಲಿ ಬಂದಳು. ಒಂದು ಸಂಜೆ ಬಯಲಿನ ಒಲೆಯ ಮುಂದೆ ಅವಳು ರೊಟ್ಟಿ ಸುಡುತ್ತಿರಲು, ಗಣಿಗಾರನೊಬ್ಬನು ಬಂದು ಅವಕ್ಕೆ ಐದು ಡಾಲರು ಕೊಡುತ್ತೇನೆಂದನು. ಅವಳು ಬೆರಗಾಗಿ ಸುಮ್ಮನಿರಲು, ಒಲ್ಲೆನೆಂದಳೆಂದು ತಿಳಿದು ಹತ್ತು ಡಾಲರಿನ ಹೊನ್ನಿನ ನಾಣ್ಯವನ್ನೇ ಅವಳ ಅಂಗೈಯಲ್ಲಿಟ್ಟನಂತೆ. ಹೆಂಗಸಿನ ಕೈಯಡಿಗೆಯ ಆಸೆಯು ಅಷ್ಟು ಬಲವಾಗಿತ್ತು. ಸ್ಯಾಕ್ರಮೆಂಟೋದಲ್ಲಿ ಅವರು ಭೋಜನಶಾಲೆಯನ್ನು ನಡೆಸಿದರು; 1850ರ ಪ್ರವಾಹದಲ್ಲಿ ಅವರಿಗೆ ನಷ್ಟವಾಯಿತು. ನೆವಾಡಾ ಸಿಟಿ ಎಂಬ ಗಣಿಯೂರಿಗೆ ಬಂದು, ಗಂಡನು ಹೊರಗೆ ಹೋಗಿದ್ದಾಗ ಅವಳು ಹಲಗೆಗಳನ್ನು ಜೋಡಿಸಿ ಊಟದ ಮೇಜನ್ನು ಸಿದ್ಧಪಡಿಸಿದಳು. ರಾತ್ರಿ ಅವನು ಹಿಂದಿರುಗಿದಾಗ ಇಪ್ಪತ್ತು ಮಂದಿ ತಲೆಗೊಂದು ಡಾಲರು ಕೊಟ್ಟು ಊಟಮಾಡುತ್ತಿದ್ದರು. ಆ ವ್ಯಾಪಾರವು ಬೆಳೆದು ದೊಡ್ಡ ವಸತಿಗೃಹವಾಯಿತು. 1851ರ ಅಗ್ನಿಯಲ್ಲಿ ಅದೂ ಬೂದಿಯಾಯಿತು. ಅವಳು ಮತ್ತೊಂದು ಊರಿಗೆ ಹೋಗಿ ಮತ್ತೆ ಒಲೆ ಹಚ್ಚಿದಳು. ಮಣ್ಣನ್ನು ಅಗೆದವರಲ್ಲಿ ಬಹುಮಂದಿ ಬರಿಗೈಯಲ್ಲಿ ಹಿಂದಿರುಗಿದರು. ಅನ್ನವಿಕ್ಕಿದವರು, ಬಟ್ಟೆ ಒಗೆದವರು, ಸಲಿಕೆ ಮಾರಿದವರು ನಾಲ್ಕು ಕಾಸು ಕಂಡರು. ಊರಿನಲ್ಲಿಯೇ ಉಳಿದ ಸಾವಿರಾರು ಹೆಂಡಿರ ವಿಷಯವನ್ನು ಚರಿತ್ರೆಯು ಬಹುಕಾಲ ಮರೆತಿತ್ತು. ಒಂದು ವರ್ಷವೆಂದು ಹೇಳಿಹೋದ ಗಂಡನ ಕಾಗದಕ್ಕಾಗಿ ಕಾಯುತ್ತ ಹೊಲವನ್ನು ನೋಡಿಕೊಂಡು, ಸಾಲವನ್ನು ತೀರಿಸಿ, ಮಕ್ಕಳನ್ನು ಬೆಳೆಸಿದ ಆ ತಾಯಂದಿರ ದುಡಿಮೆಯು ಯಾವ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ.

“ಸಿಕ್ಕಿದವನದು” ಎಂದು ನಾನು ಹೇಳಿದ ನ್ಯಾಯವನ್ನೇ ಗಣಿಗಾರರೂ ಹಿಡಿದಿದ್ದರು. ಸರ್ಕಾರದ ನೆಲದಲ್ಲಿ ಕಾನೂನಿಲ್ಲದ ಕಾರಣ, ಮೊದಲು ಬಂದು ಗುರುತು ನೆಟ್ಟು ದುಡಿಯುವವನಿಗೆ ಅಷ್ಟು ಜಾಗ, ದುಡಿಮೆಯನ್ನು ಬಿಟ್ಟರೆ ಹಕ್ಕೂ ಹೋಯಿತು, ಎಂದು ತಾವೇ ಕಟ್ಟಳೆಯನ್ನು ಮಾಡಿಕೊಂಡರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಕಟ್ಟಳೆಯು ಎಲ್ಲರಿಗೂ ಒಂದೇ ಆಗಿರಲಿಲ್ಲ. ಪರದೇಶದ ಗಣಿಗಾರರು ತಿಂಗಳಿಗೆ 20 ಡಾಲರು ತೆರಿಗೆ ಕೊಡಬೇಕೆಂದು 1850ರಲ್ಲಿ ಶಾಸನವಾಯಿತು. ಮೆಕ್ಸಿಕೋ, ಚಿಲಿ ದೇಶಗಳಿಂದ ಬಂದ ಕುಶಲರಾದ ಗಣಿಗಾರರಲ್ಲಿ ಅನೇಕರು ಅದರಿಂದ ಹೊರಟುಹೋದರು. ಕ್ಯಾಲಿಫೋರ್ನಿಯವನ್ನು ಹೊನ್ನಿನ ಬೆಟ್ಟವೆಂದು ಕರೆದ ಚೀನೀಯರು 1852ರ ಒಂದೇ ವರ್ಷದಲ್ಲಿ ಸುಮಾರು 20,000 ಮಂದಿ ಬಂದರು. ಇತರರು ಬಿಟ್ಟುಹೋದ ಮರಳನ್ನು ಮತ್ತೆ ತೊಳೆದು ತಾಳ್ಮೆಯಿಂದ ಬದುಕಿದ ಅವರು ಬಿಳಿಯರ ವಿರುದ್ಧ ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳಕೂಡದೆಂದು 1854ರಲ್ಲಿ ತೀರ್ಪಾಯಿತು. 1882ರಲ್ಲಿ ಚೀನೀ ಕೂಲಿಕಾರರು ದೇಶದೊಳಕ್ಕೆ ಬರುವುದನ್ನೇ ನಿಷೇಧಿಸಿದರು; ಆ ನಿಷೇಧವು ರದ್ದಾದುದು 1943ರಲ್ಲಿ.

ಎಲ್ಲಕ್ಕಿಂತ ಘೋರವಾದುದು ಮೂಲನಿವಾಸಿಗಳ ಕಥೆ. 1848ರ ಬೇಸಗೆಯಲ್ಲಿ ಗಣಿಪ್ರದೇಶವನ್ನು ಕಂಡುಬಂದ ಮೇಸನ್, ಅಲ್ಲಿ ದುಡಿಯುತ್ತಿದ್ದ ಸುಮಾರು 4,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂಲನಿವಾಸಿಗಳೆಂದು ವರದಿಮಾಡಿದ್ದನು. ಒಂದೆರಡು ವರ್ಷಗಳಲ್ಲಿ ಅವರನ್ನು ಅಲ್ಲಿಂದ ಓಡಿಸಿದರು. ಹೊಳೆಗಳು ಕೆಸರಾಗಿ ಮೀನು ಸತ್ತವು. ಅವರ ಆಹಾರವಾದ ಓಕ್ ಮರಗಳು ಕೊಡಲಿಗೆ ಬಿದ್ದವು. 1850ರ ಒಂದು ಶಾಸನವು, ಅವರ ರಕ್ಷಣೆಗಾಗಿ ಎಂಬ ಹೆಸರನ್ನು ಹೊತ್ತು, ಅವರನ್ನೂ ಅವರ ಮಕ್ಕಳನ್ನೂ ಬಲವಂತದ ಚಾಕರಿಗೆ ಹಿಡಿಯಲು ದಾರಿಮಾಡಿಕೊಟ್ಟಿತು. ಆ ಜನಾಂಗವು ನಿರ್ನಾಮವಾಗುವವರೆಗೆ ಯುದ್ಧವು ನಿಲ್ಲದೆಂದು ಮೊದಲನೆಯ ರಾಜ್ಯಪಾಲ ಪೀಟರ್ ಬರ್ನೆಟ್ಟನು 1851ರಲ್ಲಿ ಶಾಸನಸಭೆಗೇ ಹೇಳಿದನು. ಬಂದೂಕಿನ ದಂಡುಗಳಿಗೆ ಸರ್ಕಾರದ ಬೊಕ್ಕಸದಿಂದ ಹಣವು ಸಂದಿತು. 1848ರಲ್ಲಿ ಸುಮಾರು 1,50,000 ಇದ್ದ ಆ ಜನರು 1870ರ ವೇಳೆಗೆ ಸುಮಾರು 30,000ಕ್ಕೆ ಇಳಿದಿದ್ದರು. ರೋಗ, ಹಸಿವು, ಕೊಲೆ, ಈ ಮೂರೂ ಸೇರಿ ಒಂದು ತಲೆಮಾರಿನೊಳಗೆ ಇಷ್ಟನ್ನು ಮಾಡಿದವು.

1851 ಮತ್ತು 1852ರಲ್ಲಿ ಸರ್ಕಾರದ ಪ್ರತಿನಿಧಿಗಳು ಅವರೊಡನೆ ಹದಿನೆಂಟು ಒಡಂಬಡಿಕೆಗಳನ್ನು ಮಾಡಿಕೊಂಡು, ನಿಮಗಿಷ್ಟು ಭೂಮಿಯನ್ನು ಬಿಡುತ್ತೇವೆಂದು ಮಾತುಕೊಟ್ಟಿದ್ದರು. 1852ರಲ್ಲಿ ಹಿರಿಯರ ಸಭೆಯಾದ ಸೆನೆಟ್ಟು ಅವುಗಳನ್ನು ಗುಪ್ತವಾಗಿ ತಿರಸ್ಕರಿಸಿತು. ಕಾಗದಗಳನ್ನು 1905ರವರೆಗೂ ಹೊರಗೆ ಬಿಡಲಿಲ್ಲ. ಕೊಟ್ಟ ಮಾತನ್ನು ನಂಬಿ ನೆಲವನ್ನು ಬಿಟ್ಟುಹೋದವರಿಗೆ ಆ ಮಾತು ಮುರಿದುದೂ ತಿಳಿಯಲಿಲ್ಲ. 2019ನೆಯ ಇಸವಿ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ರಾಜ್ಯಪಾಲರು ಈ ಅನ್ಯಾಯಗಳಿಗಾಗಿ ಮೂಲನಿವಾಸಿಗಳಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು. ನೂರೆಪ್ಪತ್ತು ವರ್ಷಗಳ ಬಳಿಕವಾದರೂ ಬಂದ ಆ ಮಾತು ಬಾರದಿರುವುದಕ್ಕಿಂತ ಮೇಲು.

ಭೂಮಿತಾಯಿಯೂ ನೋಯದೆ ಉಳಿಯಲಿಲ್ಲ. 1853ರಿಂದೀಚೆಗೆ ನೀರನ್ನು ಎತ್ತರದಿಂದ ಕೊಳವೆಗಳಲ್ಲಿ ಇಳಿಸಿ, ಅದರ ರಭಸದಿಂದ ಗುಡ್ಡಗಳನ್ನೇ ಕರಗಿಸಿ ಚಿನ್ನವನ್ನು ತೆಗೆಯುವ ಉಪಾಯವು ಬಂದಿತು. ಕೆಳಗಿನ ಬಯಲಿನ ಹೊಲಗಳ ಮೇಲೆ ಕೆಸರು ಬಂದು ಕುಳಿತಿತು. ನದಿಯ ಪಾತ್ರವು ಮೇಲೆದ್ದು ಊರುಗಳಲ್ಲಿ ಪ್ರವಾಹವೆದ್ದಿತು. ರೈತರು ನ್ಯಾಯಸ್ಥಾನಕ್ಕೆ ಹೋದರು. 1884ರ ಜನವರಿಯಲ್ಲಿ ಲೊರೆಂಜೋ ಸಾಯರ್ ಎಂಬ ನ್ಯಾಯಾಧೀಶನು, ಕೆಸರನ್ನು ನದಿಗೆ ಬಿಡಕೂಡದೆಂದು ತೀರ್ಪಿತ್ತು ಆ ಪದ್ಧತಿಗೆ ತಡೆ ಹಾಕಿದನು. ಚಿನ್ನವನ್ನು ಹಿಡಿಯಲು ಬಳಸಿದ ಪಾದರಸವಾದರೋ ಇಂದಿಗೂ ಆ ಹೊಳೆಗಳ ಕೆಸರಿನಲ್ಲಿದೆ; ಅಲ್ಲಿಯ ಕೆಲವು ನೀರಿನ ಮೀನನ್ನು ಮಿತವಾಗಿ ತಿನ್ನಬೇಕೆಂದು ಆರೋಗ್ಯಾಧಿಕಾರಿಗಳು ಎಚ್ಚರಿಸುತ್ತಾರೆ. ಅಜ್ಜನು ತೊಳೆದ ಚಿನ್ನದ ವಿಷವು ಮರಿಮಕ್ಕಳ ತಟ್ಟೆಗೆ ಬಂದಿದೆ.

ಮೊದಲು ಕಂಡವರ ಗತಿಯನ್ನು ಕೇಳಿರಿ. ಸಟರನ ಆಳುಗಳು ಅವನನ್ನು ಬಿಟ್ಟು ಗಣಿಗೆ ಓಡಿದರು. ಬಂದವರು ಅವನ ನೆಲದಲ್ಲಿ ಬೀಡುಬಿಟ್ಟರು, ದನಗಳನ್ನು ಕೊಂದು ತಿಂದರು. ಅವನ ಮನೆಯೂ 1865ರಲ್ಲಿ ಸುಟ್ಟುಹೋಯಿತು. ಪರಿಹಾರಕ್ಕಾಗಿ ಶಾಸನಸಭೆಯ ಬಾಗಿಲನ್ನು ವರ್ಷಗಟ್ಟಲೆ ತಟ್ಟಿ, ಅದು ದೊರೆಯದೆಯೇ 1880ರಲ್ಲಿ ವಾಷಿಂಗ್ಟನ್ನಿನಲ್ಲಿ ತೀರಿಕೊಂಡನು. ಮಾರ್ಷಲನು 1885ರಲ್ಲಿ ಬಡವನಾಗಿ ಸತ್ತನು. ಐದು ವರ್ಷಗಳ ಬಳಿಕ ಕೊಲೋಮಾದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು. ಬೀದಿಯಲ್ಲಿ ಕೂಗಿ ಕೋಟ್ಯಧೀಶನೆನಿಸಿದ ಬ್ರಾನನ್ ಕೂಡ 1889ರಲ್ಲಿ ಎಲ್ಲವನ್ನೂ ಕಳೆದುಕೊಂಡೇ ಸತ್ತನು.

ಆ ಜ್ವರದಿಂದ ಒಳ್ಳೆಯದೇನೂ ಆಗಲಿಲ್ಲವೆಂದು ಹೇಳಿದರೆ ಅಸತ್ಯವಾದೀತು. ಕ್ಯಾಲಿಫೋರ್ನಿಯವು 1850ರಲ್ಲಿಯೇ ಸಂಯುಕ್ತ ಸಂಸ್ಥಾನಗಳಲ್ಲಿ ಮೂವತ್ತೊಂದನೆಯದಾಗಿ ಸೇರಿತು. 1869ರ ಮೇ 10ನೆಯ ತಾರೀಖು ಪೂರ್ವಪಶ್ಚಿಮಗಳ ರೈಲುಹಾದಿಗಳು ಕೂಡಿ, ತಿಂಗಳುಗಟ್ಟಲೆಯ ದಾರಿಯು ಒಂದು ವಾರದಷ್ಟಾಯಿತು. ಪರ್ವತವನ್ನು ಕಡಿದು ಆ ಹಾದಿಯನ್ನು ಮಾಡಿದವರಲ್ಲಿ ಸಾವಿರಾರು ಮಂದಿ ಅದೇ ಚೀನೀ ಕೂಲಿಕಾರರು. ಕ್ಯಾಲಿಫೋರ್ನಿಯದಿಂದ ಬರಿಗೈಯಲ್ಲಿ ಮರಳಿದ ಹಾರ್ಗ್ರೇವ್ಸ್ ಎಂಬುವನು 1851ರಲ್ಲಿ ಆಸ್ಟ್ರೇಲಿಯದಲ್ಲಿ ಚಿನ್ನವನ್ನು ಕಂಡನು. 1861ರಲ್ಲಿ ನ್ಯೂಜಿಲೆಂಡಿನ ಸರದಿ. ಆ ನ್ಯೂಜಿಲೆಂಡಿನಲ್ಲಿ ಸಿಪಾಯಿಯಾಗಿದ್ದ ಲವೆಲ್ ಎಂಬ ಐರ್ಲೆಂಡಿನವನು 1871ರಲ್ಲಿ ಬೆಂಗಳೂರಿಗೆ ಬಂದು, ಕೋಲಾರದಲ್ಲಿ ಅಗೆಯಲು 1873ರಲ್ಲಿ ಮೈಸೂರು ಸರ್ಕಾರದ ಅನುಮತಿಯನ್ನು ಬೇಡಿದನು. ಬೆಂಗಳೂರಿನ ಒಂದು ರಸ್ತೆಗೆ ಇಂದಿಗೂ ಅವನ ಹೆಸರಿದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಕ್ಯಾಲಿಫೋರ್ನಿಯದ ಗ್ರಾಸ್ ವ್ಯಾಲಿಯಲ್ಲಿಯೂ ದುಡಿದರು, ನಮ್ಮ ಕೋಲಾರದಲ್ಲಿಯೂ ದುಡಿದರು. 2001ನೆಯ ಇಸವಿಯಲ್ಲಿ ಕೋಲಾರದ ಗಣಿಗಳು ಮುಚ್ಚಿದವು. ಗಣಿಯ ಧೂಳಿನ ದಿಬ್ಬಗಳೂ, ಅಲ್ಲಿ ದುಡಿದವರ ಸಂಸಾರಗಳೂ ಉಳಿದವು.

ಆದುದರಿಂದ, ನನ್ನ ಹಳೆಯ ವಿದ್ಯಾರ್ಥಿಯೇ, ನೀನು ಈಗ ಎಲ್ಲಿದ್ದೀಯೋ, ನಿನಗೂ ಮಕ್ಕಳಿರಬಹುದು. ಅಂದು ನಾನು ಕೊಟ್ಟ ಉತ್ತರವು ತಪ್ಪು. ಆ ಹೊನ್ನು ಸಿಕ್ಕಿದವನದಾಗಿರಲಿಲ್ಲ. ಅದರ ಬಳಿ ತಲತಲಾಂತರದಿಂದ ಬಾಳಿದ್ದವರನ್ನು ಯಾರೂ ಕೇಳಲಿಲ್ಲ. ನಾನೂ ಅವರ ಹೆಸರನ್ನು ಹೇಳದೆಯೇ ಪಾಠವನ್ನು ಮುಗಿಸಿದೆನು. ಕೇಳಿದವನು ನೀನೊಬ್ಬನೇ, ನಿನ್ನನ್ನು ನಾನು ನಗೆಗೀಡುಮಾಡಿದೆನು.

ಚಿನ್ನವನ್ನು ನಾನು ನಿಂದಿಸುತ್ತಿಲ್ಲ. ನಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ತಾಯಿಯ ಕಾಲದ ಒಂದೆಳೆಯ ಸರವಿದೆ. ಅದು ಎರಡು ಬಾರಿ ಅಡವಿಗೆ ಹೋಗಿ, ಮಗಳ ಫೀಜನ್ನು ಕಟ್ಟಿಸಿ, ಮರಳಿ ಬಂದಿದೆ. ಅದರಲ್ಲಿರುವ ಕಣಗಳು ಯಾವ ನದಿಯ ಮರಳಿನವೋ, ಯಾವ ಬೆಟ್ಟದವೋ, ಕರಗಿ ಕರಗಿ ಕೈಯಿಂದ ಕೈಗೆ ಬಂದ ಲೋಹವು ಹೇಳುವುದಿಲ್ಲ. ಚಿನ್ನವನ್ನು ಪರೀಕ್ಷಿಸಲು ಒರೆಗಲ್ಲಿದೆ; ಅದು ಬಂದ ದಾರಿಯನ್ನು ಪರೀಕ್ಷಿಸಲು ಆ ಬಾಲಕನ ಪ್ರಶ್ನೆಯೊಂದೇ ಇದೆ. ಮನೆಯ ಮಕ್ಕಳು ಅಂಥ ಪ್ರಶ್ನೆಯನ್ನು ಕೇಳಿದಾಗ, ತಿಳಿಯದಿದ್ದರೆ ತಿಳಿಯದೆಂದು ಒಪ್ಪಿ, ಅವರೊಡನೆ ಕುಳಿತು ಪುಸ್ತಕವನ್ನು ತೆರೆಯಿರೆಂದು ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ. ಅಲಮತಿವಿಸ್ತರೇಣ.